ಬಾಡುವ ಮೊದಲು ಅಳೆಯಬೇಕು: ಒಂದು ಕರ್ಣಕುಂಡಲದ ದಿನ

ಆಗಸ್ಟ್ ತಿಂಗಳ ಬೆಳಿಗ್ಗೆ, ಪಶ್ಚಿಮ ಘಟ್ಟದ ಅಂಚಿನ ಒಂದು ಹಾಸುಬಂಡೆ. ಮೇಲಿಂದ ನೀರು ತೆಳ್ಳಗೆ ಜಿನುಗುತ್ತಿದೆ. ಪಾಚಿಯ ಮೇಲೆ ಕಾಲಿಟ್ಟರೆ ಜಾರುತ್ತದೆ, ನಿಂತಲ್ಲೇ ನಿಂತರೆ ಉಂಬಳ ಹತ್ತುತ್ತದೆ. ಆ ಪಾಚಿಯೊಳಗೇ ಗಡ್ಡೆಯೂರಿ, ಗೇಣುದ್ದದ ಕಡ್ಡಿಯ ತುದಿಯಲ್ಲಿ ನಸುಗುಲಾಬಿ ಹೂ ಬಿಟ್ಟುಕೊಂಡಿದೆ ಒಂದು ಗಿಡ. ಕಾಂಡ ಅಂತ ಏನೂ ಇಲ್ಲ. ಎಲೆಗಳು ನೆಲದಿಂದಲೇ ಎದ್ದಿವೆ, ಹೂವಿನ ಹಿಂದೆ ದಾರದಂಥ ಬಾಲ ಬಾಗಿದೆ. ಕರ್ಣಕುಂಡಲದ ಬಳಗ ಅನ್ನುವುದಕ್ಕೆ ಅರೆಗಳಿಗೆ ಸಾಕು. ಯಾವ ಕರ್ಣಕುಂಡಲ ಅನ್ನುವುದಕ್ಕೆ ಇಡೀ ದಿನ ಬೇಕು, ಕೆಲವೊಮ್ಮೆ ಎರಡು ಮಳೆಗಾಲವೂ ಬೇಕಾಗುತ್ತದೆ.

ಊರವರನ್ನು ಕೇಳಿದರೆ ಗೌರಿ ಹೂ ಅಂದಾರು. ಪಕ್ಕದ ಊರಲ್ಲಿ ಗೌರಿ ಹೂ ಎಂದರೆ ಬೇರೆಯೇ ಗಿಡ, ಬೆಂಕಿಯ ನಾಲಗೆಯಂತೆ ಅರಳುವ ಗ್ಲೋರಿಯೋಸಾ ಬಳ್ಳಿ. ಊರ ಹೆಸರು ತಪ್ಪಲ್ಲ. ಅದನ್ನು ಕೇಳಿ ಬರೆದುಕೊಳ್ಳಲೇಬೇಕು, ಯಾವ ಊರಲ್ಲಿ ಕೇಳಿದ್ದು ಎಂಬುದರ ಸಮೇತ. ಆದರೆ ಕರ್ಣಕುಂಡಲಗಳೆಲ್ಲ ಸೇರುವ ಇಂಪೇಷಿಯನ್ಸ್ ಜಾತಿಯಲ್ಲಿ ದಕ್ಷಿಣ ಭಾರತದಲ್ಲೇ ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು. ಅಷ್ಟನ್ನೂ ಬಿಡಿಸಿ ಹೇಳಲು ಊರ ಹೆಸರಿಗೆ ಆಗುವುದಿಲ್ಲ.

ಅರಣ್ಯ ಇಲಾಖೆಯ ಅನುಮತಿ ಪತ್ರ ಚೀಲದಲ್ಲಿದೆ ಎಂದಿಟ್ಟುಕೊಳ್ಳೋಣ. ಇಲ್ಲವಾದರೆ ಫೋಟೋ ತೆಗೆದು ವಾಪಸಾಗುವುದೇ ಸರಿ. ಕೀಳುವ ಮೊದಲು ಸುತ್ತ ಎಷ್ಟು ಗಿಡಗಳಿವೆ ಎಂದು ಎಣಿಸಬೇಕು. ಹತ್ತಿಪ್ಪತ್ತೇ ಇದ್ದರೆ ಒಂದು ಗಿಡ, ಎರಡು ಹೂ ಸಾಕು. ಬಂಡೆ ತುಂಬ ಇದ್ದರೆ ನಾಲ್ಕೈದು ಗಿಡ ತೆಗೆಯಬಹುದು, ಏಕೆಂದರೆ ಒಂದೇ ಸಂಗ್ರಹದ, ಒಣಗಿಡ ಅಂಟಿಸಿದ ಜೋಡಿ ಹಾಳೆಗಳು ಬೇರೆ ಬೇರೆ ಹರ್ಬೇರಿಯಂಗೆ, ಎಂದರೆ ಒಣಗಿಡಗಳ ಸಂಗ್ರಹಾಲಯಕ್ಕೆ, ಹೋದರೆ ಒಂದು ಕಡೆ ಹುಳು ತಿಂದರೂ ಇನ್ನೊಂದು ಕಡೆ ಉಳಿದಿರುತ್ತದೆ. ಗಡ್ಡೆಯನ್ನು ಚಾಕುವಿನ ತುದಿಯಿಂದ ಪಾಚಿಯ ಸಮೇತ ಎಬ್ಬಿಸಬೇಕು. ಎಳೆದರೆ ತೊಟ್ಟು ಕೈಗೆ ಬರುತ್ತದೆ, ಗಡ್ಡೆ ಬಂಡೆಯಲ್ಲೇ ಉಳಿಯುತ್ತದೆ. ಗಡ್ಡೆಯಿಲ್ಲದ ಹಾಳೆಯನ್ನು ಮುಂದೆ ನೋಡುವವರು ಏನು ಮಾಡಿಯಾರು?

ತಕ್ಷಣ ಒಂದು ಸಂಖ್ಯೆ ಕೊಡಬೇಕು. ಸಂಗ್ರಹಕಾರರ ಸಂಖ್ಯೆ 1ರಿಂದ ಶುರುವಾಗಿ ಜೀವಮಾನವಿಡೀ ಮುಂದಕ್ಕೇ ಹೋಗುತ್ತದೆ, ಊರಿಗೊಂದು ವರ್ಷಕ್ಕೊಂದು ಎಂದು ಮತ್ತೆ 1ಕ್ಕೆ ಬರಬಾರದು. ಗಿಡಕ್ಕೆ ಕಟ್ಟಿದ ಚೀಟಿ, ಟಿಪ್ಪಣಿ ಪುಸ್ತಕ, ಸ್ಪಿರಿಟ್ ಬಾಟಲಿ, ಎಲೆ ತುಂಡಿನ ಪೊಟ್ಟಣ, ಫೋಟೋದ ಮೊದಲ ಫ್ರೇಮು, ಎಲ್ಲದರಲ್ಲೂ ಅದೇ ಸಂಖ್ಯೆ. ಬರೆಯುವುದು ಪೆನ್ಸಿಲಿನಲ್ಲಿ. ಬಾಲ್‌ಪೆನ್ನಿನ ಶಾಯಿ ಸ್ಪಿರಿಟ್ ತಾಗಿದರೆ ಕರಗಿ ಹೋಗುತ್ತದೆ, ಪೆನ್ಸಿಲಿನ ಗೀಟು ಹೋಗುವುದಿಲ್ಲ. ಜಾಗ, ಎತ್ತರ, ಅಕ್ಷಾಂಶ ರೇಖಾಂಶ, ಬಂಡೆ ಯಾವ ಬಗೆಯದು, ನೆರಳೋ ಬಿಸಿಲೋ, ಹೂವಿನ ಬಣ್ಣ. ಬಣ್ಣವನ್ನು ‘ಗುಲಾಬಿ’ ಎಂದಷ್ಟೇ ಬರೆದರೆ ಬರೆಯದಿದ್ದ ಹಾಗೇ. ‘ದಳ ನಸುಗುಲಾಬಿ, ಗಂಟಲಲ್ಲಿ ಹಳದಿ ಮಚ್ಚೆ, ಬಾಲದ ತುದಿ ಹಸಿರು’ ಎಂದು ಜಾಗ ಹಿಡಿದು ಬರೆಯಬೇಕು. ಒಣಗಿದ ಕರ್ಣಕುಂಡಲ ಕಂದು ಕಲೆಯಾಗಿ ಕಾಗದಕ್ಕೆ ಅಂಟಿರುತ್ತದೆ, ಅಷ್ಟೆ.

ಈ ಗಿಡದ ತೊಡಕೇ ಅದು. ಮೈಯೆಲ್ಲ ನೀರು. ದಳಗಳು ಎಷ್ಟು ತೆಳು ಎಂದರೆ ಒಣಗಿದ ಮೇಲೆ ಬಿಸಿನೀರಲ್ಲಿ ನೆನೆಸಿದರೂ ಒಂದರಿಂದ ಒಂದು ಬಿಡುವುದಿಲ್ಲ. ಹಾಗಾಗಿ ಹೂವನ್ನು ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಬಿಡಿಸಿ ನೋಡಬೇಕು. ಒಂದು ಕಪ್ಪು ರಟ್ಟು, ಎರಡು ಸೂಜಿ, ಚಿಮಟ, 10 ಪಟ್ಟು ಹಿಗ್ಗಿಸುವ ಲೆನ್ಸು, ಮಿಲಿಮೀಟರ್ ಪಟ್ಟಿ ಇದ್ದರೆ ಆಯಿತು.

ಮೊದಲು ತೊಟ್ಟನ್ನು ನೋಡಿ. ಅದು ಅರ್ಧ ಸುತ್ತು ತಿರುಚಿಕೊಂಡಿರುತ್ತದೆ, ಎಂದರೆ ಹೂವು ತಲೆಕೆಳಗಾಗಿ ನಿಂತಿದೆ. ಕೆಳಗೆ ಕಾಣುವ ಬಾಲದ ಎಸಳು ಹುಟ್ಟಿನಿಂದ ಮೇಲಿನದು. ಪುಸ್ತಕಗಳು ಅದನ್ನು ಕಂಡ ಹಾಗೆ ‘ಕೆಳಗಿನದು’ ಎಂದೇ ಕರೆಯುತ್ತವೆ. ಈ ರೂಢಿ ತಿಳಿಯದಿದ್ದರೆ ವರ್ಣನೆ ಓದುವಾಗ ಮೇಲು ಕೆಳಗಾಗುತ್ತದೆ. ಆಮೇಲೆ ಹೊರಸುತ್ತಿನ ಎಸಳುಗಳು. ಬಾಲದ್ದು ಒಂದು, ಪಕ್ಕದಲ್ಲಿ ಪುಟ್ಟವು ಎರಡು. ಎರಡೇ ಎಂದು ಅಲ್ಲಿಗೆ ಬಿಡಬಾರದು. ಕೆಲವು ಪ್ರಭೇದಗಳಲ್ಲಿ ನಾಲ್ಕಿರುತ್ತವೆ, ಒಳಗಿನ ಎರಡು ಕೂದಲಷ್ಟು ಸಣ್ಣವಾಗಿ ಅಡಗಿರುತ್ತವೆ. ಲೆನ್ಸಿಲ್ಲದೆ ನೋಡಿ ‘ಎರಡು’ ಎಂದು ಬರೆದ ಚೀಟಿ ಮುಂದೆ ಇಡೀ ಗುರುತಿಸುವಿಕೆಯನ್ನೇ ತಪ್ಪು ದಾರಿಗೆ ಒಯ್ಯುತ್ತದೆ.

ದಳಗಳು ಐದು, ಕಾಣುವುದು ಮೂರು. ಮೇಲೊಂದು ಒಂಟಿ ದಳ, ಅದರ ಬೆನ್ನಿಗೆ ಹಲವು ಪ್ರಭೇದಗಳಲ್ಲಿ ಏಣು ಇರುತ್ತದೆ. ಉಳಿದ ನಾಲ್ಕು ಎರಡೆರಡು ಕೂಡಿಕೊಂಡು ಎಡಕ್ಕೊಂದು ಬಲಕ್ಕೊಂದು ರೆಕ್ಕೆಯಾಗಿವೆ. ರೆಕ್ಕೆಯನ್ನು ಬುಡದಿಂದ ಬಿಡಿಸಿ, ಒಂದು ಹನಿ ನೀರಿಟ್ಟು ಕಪ್ಪು ರಟ್ಟಿನ ಮೇಲೆ ಹರಡಿದರೆ ಎರಡು ಹಾಲೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಯಾವುದು ದೊಡ್ಡದು, ತುದಿ ದುಂಡೋ ಸೀಳೋ, ಒಳಮಗ್ಗುಲಲ್ಲಿ ಕಿವಿಯಂಥ ಚಾಚು ಇದೆಯೋ ಇಲ್ಲವೋ ನೋಡಬೇಕು. ಕರ್ಣಕುಂಡಲದಲ್ಲಿ ಪ್ರಭೇದ ಪ್ರಭೇದಕ್ಕೂ ಇರುವ ವ್ಯತ್ಯಾಸದಲ್ಲಿ ಬಹುಪಾಲು ಇಲ್ಲಿದೆ. ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಬೇಕು. ಬಾಲ ಬಾಗಿದ್ದರೆ ಪಟ್ಟಿ ಹಿಡಿಯುವುದರಿಂದ ಪ್ರಯೋಜನವಿಲ್ಲ. ಒದ್ದೆ ದಾರವನ್ನು ಬಾಗಿದ ಹಾಗೇ ಹೊಂದಿಸಿ, ಆ ದಾರವನ್ನು ನೇರ ಮಾಡಿ ಅಳೆಯಬೇಕು.

ಕೇಸರಗಳು ಐದು, ಪರಾಗಕೋಶಗಳು ಒಂದಕ್ಕೊಂದು ಅಂಟಿ ಅಂಡಾಶಯದ ಮೇಲೆ ಟೋಪಿಯಂತೆ ಕೂತಿರುತ್ತವೆ. ಹೂವು ಮೊದಲು ಗಂಡು. ಪರಾಗ ಮುಗಿದ ಮೇಲೆ ಟೋಪಿ ಇಡಿಯಾಗಿ ಕಳಚಿ ಬೀಳುತ್ತದೆ, ಆಮೇಲೆ ಶಲಾಕಾಗ್ರ ಹೊರಬರುತ್ತದೆ. ಟೋಪಿ ಬಿದ್ದ ಹೂವನ್ನಷ್ಟೇ ತಂದವರು ‘ಕೇಸರ ಕಾಣಲಿಲ್ಲ’ ಎಂದು ಬರೆಯುವುದುಂಟು. ಎರಡೂ ಹಂತದ ಹೂ ಬೇಕು, ಜೊತೆಗೆ ಕಾಯಿ ಬೇಕು. ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಆದ್ದರಿಂದ ಗಿಡದ ಮೇಲಿರುವಾಗಲೇ ಕಾಗದದ ಪೊಟ್ಟಣ ತೊಡಿಸಿ ಕತ್ತರಿಸಬೇಕು. ಒಂದೆರಡು ಹೂವನ್ನು 70 ಶೇಕಡಾ ಆಲ್ಕೊಹಾಲಿನ ಬಾಟಲಿಗೆ ಹಾಕಿದರೆ ಆಕಾರ ಉಳಿಯುತ್ತದೆ, ಬಣ್ಣ ಹೋಗುತ್ತದೆ. ಎಲೆಯ ತುಂಡನ್ನು ಅದರ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್‌ನಲ್ಲಿ ಬೇರೆಯಾಗಿ ಒಣಗಿಸಬೇಕು, ಡಿಎನ್‌ಎ ಬೇಕಾದಾಗ ಸ್ಪಿರಿಟ್ ಬಿದ್ದ ಎಲೆಯನ್ನು ನಂಬುವ ಹಾಗಿಲ್ಲ.

ರಾತ್ರಿಯ ಕೆಲಸ ಒತ್ತುವುದು. ಬೇಸಿಗೆಯಲ್ಲಾದರೆ ನ್ಯೂಸ್‌ಪೇಪರಿನ ನಡುವೆ ಇಟ್ಟು, ಪಟ್ಟಿ ಬಿಗಿದು, ದಿನಕ್ಕೊಮ್ಮೆ ಕಾಗದ ಬದಲಿಸಿದರೆ ವಾರದಲ್ಲಿ ಮುಗಿಯುತ್ತದೆ. ಆಗಸ್ಟಿನಲ್ಲಿ ಕಾಗದವೇ ಒದ್ದೆ, ಎರಡನೇ ದಿನಕ್ಕೆ ಬೂಷ್ಟು. ಎಲೆ ಸಾಯುವ ಬದಲು ಪ್ರೆಸ್ಸಿನೊಳಗೇ ಬದುಕಿದ್ದು ಗೆಣ್ಣಿನಿಂದ ಕಳಚಿಕೊಳ್ಳುತ್ತದೆ. ಗಡ್ಡೆಯನ್ನು ಉದ್ದಕ್ಕೆ ಸೀಳಿ, ಹೂವನ್ನು ಬಿಟ್ಟು ಉಳಿದ ಭಾಗವನ್ನು ಕುದಿಯುವ ನೀರಲ್ಲಿ ಒಂದು ಸಲ ಅದ್ದಿ ತೆಗೆದರೆ ಈ ಕಾಟ ತಪ್ಪುತ್ತದೆ. ಒಣಗಿಸಲು ಜಾಗವೇ ಇಲ್ಲದಿದ್ದರೆ ಕಾಗದದ ಕಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕಿಳಿಸಿ, ನೀರು ಬೆರೆಸಿದ ಸ್ಪಿರಿಟ್ ಸುರಿದು, ಗಾಳಿಯಾಡದಂತೆ ಕಟ್ಟಿಟ್ಟು ಊರಿಗೆ ಹೋದ ಮೇಲೆ ಒಣಗಿಸಬಹುದು. ಹಾಳೆಯ ಅಳತೆ 42ಕ್ಕೆ 28 ಸೆಂಟಿಮೀಟರ್. ಗಿಡ ಅದರೊಳಗೆ ಹಿಡಿಯುವ ಹಾಗೆ ಈಗಲೇ ಹೊಂದಿಸಿಕೊಳ್ಳಬೇಕು, ಒಣಗಿದ್ದನ್ನು ಮಡಚಿದರೆ ಮುರಿಯುತ್ತದೆ. ಒಂದೆರಡು ಎಲೆಯ ಬೆನ್ನು ಮೇಲಕ್ಕಿರಲಿ.

ಮರುದಿನ ಗುರುತಿಸುವ ಕೀಲಿ. ಎರಡೆರಡು ಆಯ್ಕೆ ಕೊಡುತ್ತಾ ಹೋಗುವ ಈ ಪಟ್ಟಿ ನೋಡಲು ಸುಲಭ, ತಪ್ಪಲು ಇನ್ನೂ ಸುಲಭ. ಕಾಂಡ ಇದೆಯೇ? ಇಲ್ಲ. ನಮ್ಮ ಗಿಡ ಅಕಾಲಿಸ್, ಸ್ಕೇಪಿಫ್ಲೋರಾ ಮೊದಲಾದ ಪ್ರಭೇದಗಳ ಗುಂಪಿಗೆ ಹೋಯಿತು. ಕಾಂಡ ಇದ್ದಿದ್ದರೆ ಮುಂದಿನ ಪ್ರಶ್ನೆ ಎಲೆಗಳು ಎದುರುಬದುರೋ ಒಂದು ಬಿಟ್ಟು ಒಂದೋ ಎಂಬುದು. ಎದುರುಬದುರಾಗಿ, ತೊಟ್ಟಿಲ್ಲದೆ ಕಾಂಡಕ್ಕೆ ಅಂಟಿದ್ದು ಚೈನೆನ್ಸಿಸ್‌ನ ಲಕ್ಷಣ. ತೋಟದಲ್ಲೂ ಬೆಳೆಯುವ ಬಾಲ್ಸಮಿನಾದಲ್ಲಿ ಒಂದು ಬಿಟ್ಟು ಒಂದು, ಕಾಯಿಗೆ ರೋಮ. ಆದರೆ ಬಾಲ್ಸಮಿನಾದ ತೀರ ಕೆಳಗಿನ ಎಲೆಗಳೂ ಕೆಲವೊಮ್ಮೆ ಎದುರುಬದುರಿರುತ್ತವೆ. ಎಳೆಗಿಡವನ್ನು ಬುಡದಲ್ಲಿ ನೋಡಿ ಉತ್ತರಿಸಿದವರು ಅಲ್ಲೇ ಬೇರೆ ಕವಲಿಗೆ ಹೊರಳಿ, ಮುಂದೆ ಯಾವುದೂ ಹೊಂದದೆ ‘ಹೊಸ ಪ್ರಭೇದ’ ಎಂದು ಸಂಭ್ರಮಪಡುತ್ತಾರೆ. ಯಾವುದಕ್ಕೂ ಹೊಂದಲಿಲ್ಲ ಎಂದರೆ ಮೊದಲು ಅನುಮಾನಿಸಬೇಕಾದ್ದು ನಾವು ಕೊಟ್ಟ ಉತ್ತರವನ್ನು.

ಕೀಲಿಗೂ ಗಡಿಯುಂಟು. ಹಳೆಯ ಸಸ್ಯಸಂಪುಟಗಳು ಬ್ರಿಟಿಷರ ಆಡಳಿತದ ಗಡಿ ಹಿಡಿದು ಬರೆದವು. ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯ. ಅದಕ್ಕೆ ಕುಕ್ 1901ರಿಂದ 1908ರವರೆಗೆ ತಂದ ಸಂಪುಟಗಳಿವೆ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯ; ಗ್ಯಾಂಬಲ್ 1915ರಲ್ಲಿ ಶುರುಮಾಡಿದ್ದನ್ನು ಅವರ ನಂತರ ಫಿಷರ್ 1936ರಲ್ಲಿ ಮುಗಿಸಿದರು. ಗಿಡಕ್ಕೆ ಈ ಗಡಿ ಗೊತ್ತಿಲ್ಲ. ಎರಡನ್ನೂ ಬಿಚ್ಚಿಟ್ಟುಕೊಂಡು, ಆಮೇಲೆ ಬಂದ ಪ್ರಬಂಧಗಳನ್ನೂ ನೋಡದೆ ತೀರ್ಮಾನಕ್ಕೆ ಬರಬಾರದು.

ಕೊನೆಯ ಮಾತು ಟೈಪ್ ಹಾಳೆಯದು. ಹೆಸರು ಅಂಟಿಕೊಂಡಿರುವುದು ನಮ್ಮ ಕಲ್ಪನೆಗಲ್ಲ, ಎಲ್ಲೋ ಒಂದು ಹರ್ಬೇರಿಯಂನಲ್ಲಿರುವ ಒಂದೇ ಒಂದು ಮಾದರಿಗೆ. ಅದು ಆ ಪ್ರಭೇದದ ಚೆಂದದ ಪ್ರತಿನಿಧಿ ಆಗಿರಬೇಕೆಂದೇನೂ ಇಲ್ಲ, ಮುರುಟಿದ ಗಿಡವಾದರೂ ಹೆಸರು ಅದರದೇ. ಅಶೋಕ ಮರದ ಕಥೆ ನೋಡಿ. ನಮ್ಮ ಮರವನ್ನು ಬಹುಕಾಲ ಸರಾಕಾ ಇಂಡಿಕಾ ಎಂದೇ ಕರೆದರು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನಿಯಸ್ ಆ ಹೆಸರು ಕೊಟ್ಟ ಮಾದರಿ ಜಾವಾದ್ದು, ಅಲ್ಲಿನದು ಬೇರೆ ಪ್ರಭೇದ. ಹೆಸರಲ್ಲಿ ಇಂಡಿಕಾ ಇದ್ದರೇನು, ಅದು ಮಾದರಿಯ ಹಿಂದೆ ಹೋಯಿತು. ನಮ್ಮದು ಸರಾಕಾ ಅಶೋಕಾ ಆಯಿತು. ಕೆಲವೊಮ್ಮೆ ಟೈಪ್ ಎಂದರೆ ಒಂದು ಚಿತ್ರ. ಕೊಚ್ಚಿಯ ಡಚ್ ಅಧಿಕಾರಿಯಾಗಿದ್ದ ವಾನ್ ರೀಡ್ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದ ಮಲಬಾರಿನ ಸಸ್ಯಗಳ 12 ಸಂಪುಟಗಳಿಗೆ ಒಣಗಿಡದ ಹಾಳೆಗಳಿಲ್ಲ. ಇಟ್ಟಿ ಅಚ್ಯುತನ್ ಎಂಬ ವೈದ್ಯರು, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರು ಹೇಳಿದ ಹೆಸರು, ಗುಣಗಳ ಜೊತೆ ಚಿತ್ರಗಳಿವೆ. ಲಿನಿಯಸ್ ಅವುಗಳ ಆಧಾರದ ಮೇಲಷ್ಟೇ ಹೆಸರಿಟ್ಟ ಕಡೆ ಆ ಚಿತ್ರವೇ ಟೈಪ್. ಏಲಕ್ಕಿಯ ಎಲೆಟ್ಟೇರಿಯಾ ಎಂಬ ಹೆಸರೂ ಬಂದದ್ದು ಅಲ್ಲಿನ ಮಲಯಾಳದ ಮಾತಿನಿಂದಲೇ.

ಹೆಸರಿನ ಬಾಲದಲ್ಲಿರುವ ಸಂಕ್ಷೇಪಗಳನ್ನು ಅಲಂಕಾರ ಎಂದು ಬಿಡಬೇಡಿ, ಅದು ವಂಶಾವಳಿ. ಎಲೆಟ್ಟೇರಿಯಾ ಕಾರ್ಡಮೋಮಮ್ (ಎಲ್.) ಮ್ಯಾಟನ್ ಎಂದರೆ ಲಿನಿಯಸ್ ಅದನ್ನು ಮೊದಲು ಅಮೋಮಮ್ ಜಾತಿಯಲ್ಲಿಟ್ಟಿದ್ದ, ಮ್ಯಾಟನ್ ಈಗಿನ ಜಾತಿಗೆ ತಂದ. ನೇರಳೆಗೆ ಯೂಜೀನಿಯಾ ಜಾಂಬೊಲಾನಾ ಎಂಬ ಸುಂದರ ಹೆಸರಿತ್ತು. ಅದು 1789ರದು. ಲಿನಿಯಸ್‌ನ ಮಿರ್ಟಸ್ ಕ್ಯುಮಿನಿ 1753ರದು, ಸಸ್ಯಗಳ ಹೆಸರಿನ ಲೆಕ್ಕ ಶುರುವಾಗುವುದೇ ಆ ವರ್ಷದಿಂದ. ಹಾಗಾಗಿ ‘ಕ್ಯುಮಿನಿ’ ಉಳಿಯಿತು, ಗಿಡ ಸಿಜೀಜಿಯಂ ಕ್ಯುಮಿನಿ ಆಯಿತು.

ಜನ ಗೊಣಗುವುದು ಹೆಸರು ಬದಲಾಯಿಸುತ್ತಾರೆ ಎಂದು. ಗೊಣಗಾಟದಲ್ಲಿ ಸ್ವಲ್ಪ ನ್ಯಾಯವಿದೆ. ನೀಲಕುರಿಂಜಿಯ ಬಳಗವಾದ ಗುರ್ಗಿಗಳ ಸ್ಟ್ರೊಬಿಲಾಂಥಸ್ ಜಾತಿಯನ್ನು ಸಸ್ಯವಿಜ್ಞಾನಿ ಬ್ರೆಮೆಕ್ಯಾಂಪ್ 1944ರಲ್ಲಿ 50ಕ್ಕೂ ಹೆಚ್ಚು ಜಾತಿಗಳಾಗಿ ಒಡೆದ. ಗಿಡ ಹಿಡಿದು ನಿಂತವರಿಗೆ ಅವನ್ನು ಬೇರ್ಪಡಿಸಲಾಗದೆ ಮತ್ತೆ ಒಂದಕ್ಕೇ ಸೇರಿಸಿದರು. ನೀಲಕುರಿಂಜಿಯಂಥವು 12 ವರ್ಷಕ್ಕೊಮ್ಮೆ ಹೂ ಬಿಡುವುದರಿಂದ ಹೂವಿರುವ ಹಾಳೆಗಳೇ ಕಡಿಮೆ, ಅದೂ ಒಂದು ಕಷ್ಟ. ಸಂಪಿಗೆಯದು ಬೇರೆ ಬಗೆ. ಹೂ ಕೊಂಬೆಯ ತುದಿಯಲ್ಲಿದ್ದರೆ ಮ್ಯಾಗ್ನೋಲಿಯಾ, ಎಲೆಯ ಕಂಕುಳಲ್ಲಿದ್ದರೆ ಮಿಚೇಲಿಯಾ ಎಂಬ ಗೆರೆ ಡಿಎನ್‌ಎ ಮುಂದೆ ನಿಲ್ಲಲಿಲ್ಲ, ಮಿಚೇಲಿಯಾ ಮ್ಯಾಗ್ನೋಲಿಯಾದೊಳಗಿನದೇ ಒಂದು ಕವಲು. ತೇಗ ತುಳಸಿಯ ಕುಟುಂಬಕ್ಕೆ, ಎಕ್ಕ ಕಣಗಿಲೆಯ ಕುಟುಂಬಕ್ಕೆ ಹೋದದ್ದೂ ಹೀಗೆಯೇ.

ಎಲ್ಲ ನೋಡಿದ ಮೇಲೂ ನಮ್ಮ ಬಂಡೆಯ ಗಿಡ ಯಾವ ಟೈಪಿಗೂ ಹೊಂದದಿದ್ದರೆ? ಹತ್ತಿರದ ಪ್ರಭೇದದಿಂದ ಹೇಗೆ ಬೇರೆ ಎಂದು ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ಬರೆಯಬೇಕು. 1935ರಿಂದ 2011ರವರೆಗೆ ಲ್ಯಾಟಿನ್ ಒಂದೇ ನಡೆಯುತ್ತಿತ್ತು. ಒಂದು ಹಾಳೆಯನ್ನು ಹೋಲೋಟೈಪ್, ಎಂದರೆ ಆ ಹೆಸರಿನ ಮೂಲ ಮಾದರಿ, ಎಂದು ಹೆಸರಿಸಿ, ಅದು ಯಾವ ಹರ್ಬೇರಿಯಂನಲ್ಲಿದೆ ಎಂದು ಹೇಳಬೇಕು. ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಕೊಡಲೇಬೇಕು. ಇಂಪೇಷಿಯನ್ಸ್ ಸ್ತ್ರೀಲಿಂಗ, ಆದ್ದರಿಂದ ವಿಶೇಷಣವೂ ಪ್ಯಾರಸಿಟಿಕಾ, ಆರಿಕ್ಯುಲೇಟಾ ಎಂದು ಅದಕ್ಕೆ ಹೊಂದಬೇಕು. ಹೆಂಗಸಿನ ಹೆಸರಿಟ್ಟರೆ ಜೆರ್ಡೋನಿಯೆ ಥರ, ಗಂಡಸಿನದಾದರೆ ಲಾವಿಯೈ ಥರ ಕೊನೆಯಾಗಬೇಕು.

ಇಷ್ಟಕ್ಕೆಲ್ಲ ಅವಸರವಿಲ್ಲ. ಒಂದು ಹೂವಿನಲ್ಲಿ ಕಂಡ ವ್ಯತ್ಯಾಸ ಮುಂದಿನ ಆಗಸ್ಟಿನಲ್ಲಿ ಇನ್ನೊಂದು ಬಂಡೆಯ ಹತ್ತು ಗಿಡಗಳಲ್ಲೂ ಇದೆಯೇ ಎಂದು ನೋಡಬೇಕು. ಅಲ್ಲಿಯತನಕ ಚೀಟಿಯಲ್ಲಿ ‘ಇಂಪೇಷಿಯನ್ಸ್’ ಎಂದಷ್ಟೇ ಬರೆದು ಮುಂದಿನ ಜಾಗ ಖಾಲಿ ಬಿಡಬಹುದು. ಒಣಗಿದ ಹಾಳೆ ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿ ಒಂದು ವಾರ ಇದ್ದರೆ ಹುಳು ಸಾಯುತ್ತವೆ. ಹಿಂದೆ ಇದಕ್ಕೆ ಪಾದರಸದ ಕ್ಲೋರೈಡ್ ಬಳಿಯುತ್ತಿದ್ದರು, ಹಳೆಯ ಹಾಳೆ ಮುಟ್ಟಿದವರು ಈಗಲೂ ಕೈ ತೊಳೆಯಬೇಕು. ಸಿಡಿದ ಕಾಯಿ, ಬೀಜ, ಬಿಡಿಸಿದ ದಳಗಳ ಪೊಟ್ಟಣವನ್ನು ಹಾಳೆಯ ಮೇಲಿನ ಮೂಲೆಗೆ ಅಂಟಿಸಬೇಕು. ಮುಂದೆ ಯಾರೋ ಬಂದು ಬೇರೆ ಹೆಸರು ಬರೆದ ಚೀಟಿ ಅಂಟಿಸಿದರೆ ಅದು ಹಳೆಯದರ ಪಕ್ಕದಲ್ಲಿರಲಿ, ಅದರ ಮೇಲೆ ಬೇಡ.