ಸುಮ್ನೆ ತಲೆ ಹಿಡ್ಕೊಂಡ್ರೆ ಏನಾಗತ್ತೆ? ಕ್ರೇನಿಯೋಸೇಕ್ರಲ್ ಥೆರಪಿ ಬಗ್ಗೆ ನಂಗನ್ಸಿದ್ದು

ಕ್ರೇನಿಯೋಸೇಕ್ರಲ್ ಥೆರಪಿ ತಗೋತೀನಿ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, "ಸುಮ್ನೆ ತಲೆ ಹಿಡ್ಕೊಂಡು ಕೂತ್ರೆ ಏನಾಗತ್ತೆ?" ಮಸಾಜ್ ಅಂದ್ರೆ ಜನಕ್ಕೆ ಅರ್ಥ ಆಗತ್ತೆ, ಎಣ್ಣೆ ಇರತ್ತೆ, ತಿಕ್ತಾರೆ, ನೋವಿರೋ ಜಾಗ ಸಿಕ್ಕಿದ್ರೆ "ಹಾ ಅಲ್ಲೇ ಅಲ್ಲೇ" ಅಂತೀವಿ. ಇಲ್ಲಿ ಅದ್ಯಾವ್ದೂ ಇಲ್ಲ. ಹಾಕ್ಕೊಂಡಿರೋ ಬಟ್ಟೆಯಲ್ಲೇ ಅಂಗಾತ ಮಲಗ್ಬೇಕು, ಥೆರಪಿಸ್ಟ್ ಪಾದ, ಸೊಂಟದ ಕೆಳಗೆ, ಎದೆಯ ಮೇಲ್ಭಾಗ, ಆಮೇಲೆ ತಲೆ, ಹೀಗೆ ಒಂದೊಂದು ಕಡೆ ಕೈ ಇಟ್ಟು ಕೆಲವು ನಿಮಿಷ ಹಾಗೇ ಇರ್ತಾರೆ, ಮುಕ್ಕಾಲು ಗಂಟೆ ಒಂದು ಗಂಟೆ ಆಗತ್ತೆ, ಮುಗೀತು. ಕೈ ಭಾರ ಎಷ್ಟಿರ್ಬೇಕು ಅಂದ್ರೆ ಸುಮಾರು 5 ಗ್ರಾಂ ಅಂತ ಇದನ್ನ ಕಲಿಸೋರು ಹೇಳ್ತಾರೆ, ಒಂದು ಟೀ ಚಮಚ ಸಕ್ಕರೆ ತೂಕ ಅಂದ್ಕೊಳಿ.

ನಂಗೆ ಇದ್ರಿಂದ ನಿಜವಾಗ್ಲೂ ಒಳ್ಳೇದಾಗಿದೆ. ಆದ್ರೆ ಇದು ಹೇಗೆ ಕೆಲಸ ಮಾಡತ್ತೆ ಅಂತ ಥೆರಪಿಸ್ಟ್‌ಗಳು ಹೇಳೋ ವಿವರಣೆಯಲ್ಲಿ ಅರ್ಧದಷ್ಟು ನಾನು ಒಪ್ಪಲ್ಲ. ಈ ಎರಡನ್ನೂ ಒಂದೇ ಕಡೆ ಹೇಳೋರು ಕಮ್ಮಿ, ಒಂದೋ ಇದೇ ಸರ್ವರೋಗಕ್ಕೂ ಮದ್ದು ಅಂತಾರೆ, ಇಲ್ಲಾಂದ್ರೆ ಪೂರ್ತಿ ಬುರುಡೆ ಅಂತ ತಳ್ಳಿಹಾಕ್ತಾರೆ, ಅದಕ್ಕೇ ಬರೀತಿದೀನಿ.

ಅಮ್ಮನಿಗೆ ಹುಷಾರಿಲ್ದೆ ತಿಂಗಳುಗಟ್ಲೆ ಆಸ್ಪತ್ರೆ ಮನೆ ಅಂತ ಓಡಾಡಿದ ಕಾಲದಲ್ಲಿ ನಂಗೆ ನಿದ್ದೇಲಿ ಹಲ್ಲು ಕಚ್ಚೋದು ಶುರುವಾಯ್ತು. ಬೆಳಿಗ್ಗೆ ಎದ್ರೆ ದವಡೆ ಬಿಗಿದಿರೋದು, ಕಣತಲೆ ಹತ್ರ ಸೆಳೆತ, ಮಧ್ಯಾಹ್ನದ ಹೊತ್ತಿಗೆ ಕತ್ತಿನ ಹಿಂದಿಂದ ನೋವು ಹತ್ತಿ ಹುಬ್ಬಿನ ತನಕ ಬರೋದು. ಡಾಕ್ಟರ್ ನೋಡಿ ಟೆನ್ಷನ್ ತಲೆನೋವು ಅಂದ್ರು, ದಂತವೈದ್ಯರು ರಾತ್ರಿ ಹಾಕ್ಕೊಳೋಕೆ ನೈಟ್ ಗಾರ್ಡ್ ಕೊಟ್ರು, ಎರಡೂ ಬೇಕಿತ್ತು, ಎರಡರಿಂದ್ಲೂ ಅನುಕೂಲ ಆಯ್ತು. ಆದ್ರೆ ಅಮ್ಮ ಚೇತರಿಸಿಕೊಂಡ ಮೇಲೂ ನನ್ನ ಮೈ ಮಾತ್ರ ಇನ್ನೂ ಫೋನ್ ರಿಂಗಾಗೋದನ್ನ ಕಾಯ್ತಾ ಇದ್ದಂಗೇ ಇತ್ತು. ಆಗ ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ರು, ಇದನ್ನೂ ಕಲಿತೋರು, ಒಂದ್ಸಲ ಬಂದು ನೋಡಿ ಅಂದ್ರು.

ನಂಗೆ ಇವತ್ತಿಗೂ ತುಂಬಾ ಇಷ್ಟ ಆಗೋದು ಹಿಂದಲೆ ಹಿಡಿಯೋದು. ಥೆರಪಿಸ್ಟ್ ತಲೆಯ ಹತ್ರ ಸ್ಟೂಲ್ ಹಾಕ್ಕೊಂಡು ಕೂತ್ಕೊಂಡು ಎರಡೂ ಮೊಣಕೈ ಟೇಬಲ್ ಮೇಲೆ ಊರಿ, ಅಂಗೈ ಮೇಲೆ ಮಾಡಿ ನಮ್ಮ ತಲೆ ಕೆಳಗೆ ಇಡ್ತಾರೆ. ಬೆರಳ ತುದಿಗಳು ತಲೆಬುರುಡೆ ಮುಗಿದು ಕತ್ತು ಶುರುವಾಗೋ ಆ ತಗ್ಗಿನಲ್ಲಿ ಸಾಲಾಗಿ ನಿಂತಿರತ್ತೆ. ಒತ್ತಲ್ಲ, ಎಳೆಯಲ್ಲ. ಮೊದ್ಲಿಗೆ ನಮ್ಮ ತಲೆಯನ್ನ ನಾವೇ ಹಿಡ್ಕೊಂಡಿರ್ತೀವಿ, ಅವ್ರ ಕೈಗೆ ಪೂರ್ತಿ ಭಾರ ಬಿಟ್ಟಿರೋದೇ ಇಲ್ಲ, ಅದು ನಮ್ಗೆ ಗೊತ್ತೂ ಇರಲ್ಲ. ಒಂದೆರಡು ನಿಮಿಷ ಆದ್ಮೇಲೆ ಒಂದು ಕಡೆ ಸ್ನಾಯು ಬೆಚ್ಚಗಾಗಿ ಸಡಿಲ ಆಗತ್ತೆ, ಆಮೇಲೆ ಇನ್ನೊಂದು ಕಡೆ, ತಲೆ ನಿಧಾನಕ್ಕೆ ಅಂಗೈಯೊಳಗೆ ಇಳಿಯತ್ತೆ. ಅದೇ ಹೊತ್ತಿಗೆ ಹೊಟ್ಟೆ ಗುಳುಗುಳು ಅನ್ನತ್ತೆ, ಉಸಿರು ತಾನಾಗೇ ಉದ್ದ ಆಗತ್ತೆ, ಕೆಲವ್ರಿಗೆ ಗೊರಕೇನೂ ಬರತ್ತೆ.

ಆ ಜಾಗದಲ್ಲಿ ಇರೋದು ಸಬ್‌ಆಕ್ಸಿಪಿಟಲ್ ಅನ್ನೋ ಚಿಕ್ಕ ಚಿಕ್ಕ ಸ್ನಾಯುಗಳು, ಸ್ಕ್ರೀನ್ ನೋಡ್ತಾ ಗದ್ದ ಮುಂದಕ್ಕೆ ಚಾಚಿ ಕೂರೋರಿಗೆ ಇವು ಇಡೀ ದಿನ ಬಿಗಿಯಾಗೇ ಇರತ್ತೆ. ಅವುಗಳಲ್ಲಿ ಕೆಲವಕ್ಕೆ ಮಿದುಳು, ಬೆನ್ನುಹುರಿ ಸುತ್ತ ಇರೋ ಡ್ಯೂರಾ ಮೇಟರ್ ಅನ್ನೋ ಗಟ್ಟಿ ಪೊರೆ ಜೊತೆ ನೇರ ನಂಟಿದೆ ಅಂತ ಅಂಗರಚನಾಶಾಸ್ತ್ರದೋರೇ ತೋರಿಸಿದಾರೆ. ಆ ಪೊರೆ ಮೇಲೆ ತಲೆಬುರುಡೆಗೆ ಅಂಟ್ಕೊಂಡು ಬೆನ್ನೊಳಗೆ ಕೆಳಗಿಳಿದು ಸೇಕ್ರಮ್ ತನಕ, ಅಂದ್ರೆ ಸೊಂಟದ ಕೆಳಗಿರೋ ತ್ರಿಕೋನದ ಮೂಳೆ ತನಕ ಹೋಗತ್ತೆ. ತಲೆ ಮತ್ತೆ ಸೊಂಟ ಎರಡನ್ನೂ ಹಿಡಿಯೋದು ಅದಕ್ಕೇ.

ಈ ಪದ್ಧತಿಯ ಬೇರು ಅಮೆರಿಕದ ಆಸ್ಟಿಯೋಪಥಿಯಲ್ಲಿದೆ, ಅಂದ್ರೆ ಮೂಳೆ, ಸ್ನಾಯುಗಳನ್ನ ಕೈಯಿಂದ್ಲೇ ಸರಿಮಾಡೋ ಚಿಕಿತ್ಸೆಯಲ್ಲಿ. 1873ರಲ್ಲಿ ಹುಟ್ಟಿದ ವಿಲಿಯಂ ಗಾರ್ನರ್ ಸದರ್‌ಲ್ಯಾಂಡ್ ಅನ್ನೋರು ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಓದ್ತಿದ್ದಾಗ ಬಿಡಿಬಿಡಿಯಾಗಿ ಜೋಡಿಸಿಟ್ಟ ಒಂದು ತಲೆಬುರುಡೆ ನೋಡಿದ್ರು, ಕಿವಿ ಹತ್ರದ ಮೂಳೆಯ ಅಂಚು ಮೀನಿನ ಕಿವಿರಿನ ಥರ ಓರೆಯಾಗಿದೆಯಲ್ಲ, ಹಾಗಿದ್ರೆ ಈ ಮೂಳೆಗಳು ಅಲುಗಾಡೋಕೇ ಆಗಿರೋದು ಅನ್ನೋ ಯೋಚನೆ ಅವ್ರಿಗೆ ಬಂತು, ಆಮೇಲೆ ಜೀವನಪೂರ್ತಿ ಅದರ ಹಿಂದೇನೇ ಬಿದ್ರು, ತಮ್ಮ ತಲೆಗೇ ಪಟ್ಟಿಗಳನ್ನ ಬಿಗಿದುಕೊಂಡು ಏನಾಗತ್ತೆ ಅಂತ ಪರೀಕ್ಷೆ ಮಾಡ್ಕೊಂಡ್ರು. 1970ರ ದಶಕದಲ್ಲಿ ಜಾನ್ ಅಪ್ಲೆಡ್ಜರ್ ಅನ್ನೋ ಇನ್ನೊಬ್ಬ ಆಸ್ಟಿಯೋಪಥಿ ಡಾಕ್ಟರ್ ಇದನ್ನ ಮುಂದುವರಿಸಿದ್ರು. ಕತ್ತಿನ ಒಂದು ಆಪರೇಷನ್‌ನಲ್ಲಿ ಡ್ಯೂರಾ ಪೊರೆಯನ್ನ ಅಲುಗಾಡದೇ ಇರೋ ಹಾಗೆ ಹಿಡಿಯೋ ಕೆಲಸ ಅವ್ರದ್ದಾಗಿತ್ತಂತೆ, ಎಷ್ಟು ಹಿಡಿದ್ರೂ ಅದು ಒಂದು ಲಯದಲ್ಲಿ ಮಿಡೀತಾನೇ ಇತ್ತಂತೆ, ಅಲ್ಲಿಂದ ಅವ್ರ ಆಸಕ್ತಿ ಶುರು. 1985ರಲ್ಲಿ ಫ್ಲಾರಿಡಾದಲ್ಲಿ ಅವ್ರದ್ದೇ ಸಂಸ್ಥೆ ಶುರುವಾಯ್ತು, ಡಾಕ್ಟರ್ ಅಲ್ಲದೋರಿಗೂ ಕಲಿಸಿದ್ರು, ಹಾಗಾಗೇ ಇದು ಇಷ್ಟು ಹರಡ್ತು.

ಈಗ ನಾನು ಒಪ್ಪದೇ ಇರೋ ಭಾಗ. ಮಿದುಳು, ಬೆನ್ನುಹುರಿ ಸುತ್ತ ಸೆರೆಬ್ರೋಸ್ಪೈನಲ್ ಫ್ಲೂಯಿಡ್ ಅನ್ನೋ ದ್ರವ ಇರೋದು ನಿಜ, ಒಂದು ಹೊತ್ತಿಗೆ ಸುಮಾರು 150 ಎಂಎಲ್ ಇರತ್ತೆ, ದೇಹ ದಿನಕ್ಕೆ ಅರ್ಧ ಲೀಟರ್‌ನಷ್ಟು ಹೊಸದು ತಯಾರಿಸತ್ತೆ. ಹೃದಯ ಬಡಿತಕ್ಕೆ, ಉಸಿರಿಗೆ ಅದು ಅಲುಗೋದು ಎಂಆರ್‌ಐನಲ್ಲೂ ಕಾಣತ್ತೆ. ಆದ್ರೆ ಇವೆರಡೂ ಅಲ್ದೆ ನಿಮಿಷಕ್ಕೆ 6ರಿಂದ 12 ಸಲ ಬರೋ ಬೇರೇನೇ ಒಂದು ಲಯ ಇದೆ, ಅದನ್ನ ಕೈಯಲ್ಲಿ ಹಿಡೀಬಹುದು ಅಂತಾರಲ್ಲ, ಅಲ್ಲಿ ತೊಡಕು. ಒಬ್ರನ್ನೇ ಮಲಗ್ಸಿ ಇಬ್ಬರು ಥೆರಪಿಸ್ಟ್‌ಗಳಿಂದ ಎಣಿಸಿದ ಪರೀಕ್ಷೆಗಳಲ್ಲಿ ಇಬ್ಬರ ಲೆಕ್ಕ ಒಂದಕ್ಕೊಂದು ತಾಳೆ ಆಗ್ಲೇ ಇಲ್ಲ. ದೊಡ್ಡೋರ ತಲೆಬುರುಡೆ ಮೂಳೆಗಳು ಹಲ್ಲು ಹಲ್ಲಾಗಿ ಒಂದರೊಳಗೊಂದು ಕಚ್ಕೊಂಡಿರತ್ತೆ, ವಯಸ್ಸಾಗ್ತಾ ಇನ್ನೂ ಬೆಸೆದುಕೊಳ್ಳತ್ತೆ, 5 ಗ್ರಾಂ ಭಾರಕ್ಕೆ ಅವು ಜರುಗತ್ತೆ ಅಂದ್ರೆ ನಂಗೆ ನಂಬೋಕಾಗಲ್ಲ.

ಸಂಶೋಧನೆ ಏನನ್ನತ್ತೆ ಅಂದ್ರೆ, ಮಿಶ್ರ. 1999ರಲ್ಲಿ ಕೆನಡಾದೋರು ಎಲ್ಲಾ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿ ಸಾಕಷ್ಟು ಪುರಾವೆ ಇಲ್ಲ ಅಂದ್ರು. 2016ರಲ್ಲಿ ಪ್ರಕಟ ಆದ ಜರ್ಮನಿಯ ಒಂದು ಪ್ರಯೋಗ ನಂಗೆ ಆಸಕ್ತಿ ಹುಟ್ಟಿಸ್ತು, ಬಹಳ ದಿನದಿಂದ ಕತ್ತು ನೋವಿರೋ 54 ಜನರನ್ನ ಎರಡು ಗುಂಪು ಮಾಡಿ ಒಂದಕ್ಕೆ ನಿಜವಾದ ಸೆಷನ್, ಇನ್ನೊಂದಕ್ಕೆ ಬರೀ ಹಗುರ ಸ್ಪರ್ಶ, ವಾರಕ್ಕೊಂದರಂತೆ 8 ವಾರ ಕೊಟ್ರು, ನಿಜವಾದ ಸೆಷನ್ ತಗೊಂಡೋರಿಗೆ ಇನ್ನೊಂದು ಗುಂಪಿಗಿಂತ ಚೆನ್ನಾಗಿ ನೋವು ಇಳೀತು. 2024ರಲ್ಲಿ ಬಂದ ಇನ್ನೊಂದು ಒಟ್ಟು ವಿಮರ್ಶೆ ಮಾತ್ರ ಹೇಳ್ಕೊಳೋವಂಥ ಪ್ರಯೋಜನ ಕಾಣಲ್ಲ ಅಂತು. ಇಷ್ಟೆಲ್ಲಾ ಓದಿನೂ ಯಾಕೆ ಹೋಗ್ತೀಯ ಅಂದ್ರೆ, ಯಾರೂ ಏನೂ ಕೇಳದ, ನಾನು ಯಾರಿಗೂ ಏನೂ ಮಾಡಬೇಕಾಗಿಲ್ಲದ ಒಂದು ಗಂಟೆ, ಜೊತೆಗೆ ಜೋಪಾನವಾಗಿ ಮುಟ್ಟೋ ಎರಡು ಕೈ, ಇದು ಮೈಗೆ ಏನು ಮಾಡತ್ತೆ ಅಂತ ನಂಗೆ ಗೊತ್ತು. ನಮ್ಮ ಚರ್ಮದಲ್ಲಿ ಮೃದುವಾದ, ನಿಧಾನದ ಸ್ಪರ್ಶಕ್ಕೇ ಅಂತ ಬೇರೆ ನರತಂತುಗಳಿವೆ, ಸಿ-ಟ್ಯಾಕ್ಟೈಲ್ ಅಂತಾರೆ, ಅವು ಎಲ್ಲಿ ಮುಟ್ಟಿದ್ರು ಅನ್ನೋದಕ್ಕಿಂತ ಆ ಸ್ಪರ್ಶ ಹಿತವೋ ಅಲ್ವೋ ಅನ್ನೋ ಸುದ್ದಿಯನ್ನ ಮಿದುಳಿಗೆ ಒಯ್ಯತ್ತೆ. ವಯಸ್ಸಿಗೆ ಬಂದ್ಮೇಲೆ ನಮ್ಮನ್ನ ಹಾಗೆ ಮುಟ್ಟೋರು ಎಷ್ಟು ಜನ ಇರ್ತಾರೆ ಹೇಳಿ. ಒಬ್ರನ್ನ ನೋಡ್ಕೊಳೋ ಜವಾಬ್ದಾರಿ ಹೊತ್ತೋರಿಗಂತೂ, ಎತ್ತೋದು ಮಲಗ್ಸೋದು ಒರೆಸೋದು ಎಲ್ಲಾ ಅವ್ರ ಕೈಯೇ, ಅವ್ರನ್ನ ಹಿಡಿಯೋ ಕೈ ಇರೋದೇ ಇಲ್ಲ.

ಅಳುವಿನ ವಿಷಯ ಹೇಳ್ಲೇಬೇಕು. ಒಂದ್ಸಲ ಒಂದು ಕೈ ಬೆನ್ನ ಮೇಲ್ಭಾಗದ ಕೆಳಗೆ, ಇನ್ನೊಂದು ಕೊರಳ ಮೂಳೆ ಕೆಳಗೆ ಇಟ್ಟಿದ್ರು, ಯಾವ ಯೋಚನೆನೂ ಇರ್ಲಿಲ್ಲ, ಕಣ್ಣಂಚಿಂದ ನೀರು ಇಳಿದು ಕಿವಿಗೆ ಹೋಗ್ತಾ ಇತ್ತು. ದುಃಖ ಅಂತ ಕೂಡ ಹೇಳೋಕಾಗಲ್ಲ, ಬಹಳ ದಿನ ಅಳೋಕೆ ಟೈಮ್ ಸಿಕ್ಕಿರ್ಲಿಲ್ಲ ಅಷ್ಟೇ. ಅವ್ರು ಕೈ ತೆಗೀಲಿಲ್ಲ, "ಏನಾಯ್ತು, ಏನು ನೆನಪಾಯ್ತು" ಅಂತ ಕೇಳ್ಲೂ ಇಲ್ಲ, "ನಿಲ್ಲಿಸ್ಲಾ ಮುಂದುವರಿಸ್ಲಾ" ಅಂತ ಅಷ್ಟೇ ಕೇಳಿದ್ರು. ಒಳ್ಳೆ ಥೆರಪಿಸ್ಟ್ ಅನ್ನೋದಕ್ಕೆ ನಂಗೆ ಇದಕ್ಕಿಂತ ದೊಡ್ಡ ಗುರುತು ಬೇಡ. ನಿಮ್ಮ ಭುಜದಲ್ಲಿ ಬಾಲ್ಯದ ನೋವು ಸಿಕ್ಕಾಕ್ಕೊಂಡಿದೆ, ಅದನ್ನ ನಾನು ಹೊರಗೆ ತೆಗೀತೀನಿ ಅನ್ನೋರೂ ಇದಾರೆ, ಮನಸ್ಸಿನ ಗಾಯ ಕೆದಕೋ ತರಬೇತಿ ಅವ್ರಿಗಿರಲ್ಲ, ದೂರ ಇರಿ. ಖಿನ್ನತೆ, ಪ್ಯಾನಿಕ್ ಇವೆಲ್ಲ ಇದ್ರೆ ಕೌನ್ಸೆಲರ್ ಅಥವಾ ಸೈಕಿಯಾಟ್ರಿಸ್ಟ್ ಮೊದ್ಲು, ಇದು ಅದರ ಪಕ್ಕದಲ್ಲಿ ಇರ್ಲಿ.

ಯಾರು ಮಾಡಿಸ್ಕೋಬಾರ್ದು ಅನ್ನೋದನ್ನೂ ಸ್ಪಷ್ಟವಾಗಿ ಹೇಳ್ಬಿಡ್ತೀನಿ. ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿದ್ರೆ, ಪಾರ್ಶ್ವವಾಯು ಆಗಿದ್ರೆ, ಮಿದುಳಲ್ಲಿ ರಕ್ತಸ್ರಾವ ಅಥವಾ ಅನ್ಯೂರಿಸಂ (ರಕ್ತನಾಳ ಬಲೂನಿನ ಥರ ಉಬ್ಬಿರೋದು) ಇದ್ರೆ, ತಲೆಯೊಳಗಿನ ಒತ್ತಡ ಜಾಸ್ತಿ ಇದೆ ಅಂತ ಡಾಕ್ಟರ್ ಹೇಳಿದ್ರೆ, ಬೇಡ. ಹಿಂದೆಂದೂ ಬರದಂಥ ತಲೆನೋವು ಥಟ್ಟಂತ ಬಂದ್ರೆ, ಮಾತು ತೊದಲಿದ್ರೆ, ಕೈಕಾಲು ಸೋತ್ರೆ ಸೀದಾ ಎಮರ್ಜೆನ್ಸಿಗೆ ಹೋಗಿ. ಎಳೆ ಮಕ್ಕಳ ವಿಷಯದಲ್ಲಿ ನಂಗೆ ಭಯ ಜಾಸ್ತಿ. ತಲೆಯ ಮುಂಭಾಗದ ಮೆತ್ತನೆ ನೆತ್ತಿ ಮುಚ್ಚೋಕೆ ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷ ಬೇಕು, ಮಗು ಜಾಸ್ತಿ ಅಳತ್ತೆ, ನಿದ್ದೆ ಮಾಡಲ್ಲ ಅಂತ ಅಂಥ ತಲೆಯನ್ನ ಯಾರ ಕೈಗಾದ್ರೂ ಕೊಡೋದು ಬೇಡ, ಮಕ್ಕಳ ಡಾಕ್ಟರ್ ಹತ್ರ ತೋರಿಸಿ.

ಹೋಗೋ ಮುಂಚೆ ಫೋನ್‌ನಲ್ಲೇ ಕೇಳಿ, ಮೂಲ ಓದು ಏನು, ಫಿಸಿಯೋಥೆರಪಿನೋ ನರ್ಸಿಂಗೋ ಬೇರೇನೋ, ಈ ಪದ್ಧತಿ ಎಷ್ಟು ದಿನ ಕಲಿತ್ರು. ನಿಮ್ಮ ಕಾಯಿಲೆ, ಔಷಧಿ ಬಗ್ಗೆ ಅವ್ರೇ ವಿಚಾರಿಸದೇ ಇದ್ರೆ ಬಿಟ್ಬಿಡಿ. ಔಷಧಿ ನಿಲ್ಲಿಸಿ ಅಂದ್ರೂ, ಮೊದಲ ದಿನವೇ ದೊಡ್ಡ ಪ್ಯಾಕೇಜ್ ಕಟ್ಟಿ ಅಂದ್ರೂ ಬಿಟ್ಬಿಡಿ. ಎಲ್ಲಿ ಮುಟ್ತೀನಿ ಅಂತ ಪ್ರತಿಸಲ ಹೇಳಿ ಒಪ್ಪಿಗೆ ಕೇಳೋರು ಒಳ್ಳೆಯೋರು, ದವಡೆ ಕೆಲಸಕ್ಕೆ ಕೆಲವು ಸಲ ಗ್ಲೌಸ್ ಹಾಕ್ಕೊಂಡು ಬಾಯೊಳಗೆ ಬೆರಳಿಡ್ತಾರೆ, ಅದಕ್ಕಂತೂ ಮುಂಚೆನೇ ಹೇಳ್ಬೇಕು.

ಥೆರಪಿಸ್ಟ್ ಸಿಗದೇ ಇರೋರು ಮನೇಲಿ ಮಾಡ್ಕೊಳೋಕೆ ಒಂದಿದೆ. ಎರಡು ಟೆನಿಸ್ ಬಾಲ್‌ನ ಒಂದು ಸಾಕ್ಸ್ ಒಳಗೆ ಹಾಕಿ ಅಲ್ಲಾಡದ ಹಾಗೆ ಗಂಟು ಕಟ್ಟಿ, ಅಂಗಾತ ಮಲಗಿ ತಲೆಬುರುಡೆಯ ಕೆಳ ಅಂಚಿಗೆ ಇಟ್ಕೊಳಿ, ಕತ್ತಿಗಲ್ಲ, ಮೂಳೆಗೆ ತಾಗ್ಬೇಕು. ಐದು ನಿಮಿಷದಿಂದ ಶುರು ಮಾಡಿ, ಹತ್ತಕ್ಕಿಂತ ಜಾಸ್ತಿ ಬೇಡ. ತಲೆ ಸುತ್ತಿದ್ರೆ, ಕೈ ಜೋಮು ಹಿಡಿದ್ರೆ ತೆಗೆದುಬಿಡಿ, ಕತ್ತಿನ ಡಿಸ್ಕ್ ತೊಂದ್ರೆ ಇರೋರು ಡಾಕ್ಟರ್‌ನ ಕೇಳದೇ ಮಾಡ್ಬೇಡಿ. ನಾನು ಕಂಪ್ಯೂಟರ್ ಮುಚ್ಚಿದ ತಕ್ಷಣ ಮಾಡ್ತೀನಿ, ಮಲಗೋ ಮುಂಚೆ ಮಾಡೋದಕ್ಕಿಂತ ಆಗ ಮಾಡಿದ್ರೆ ರಾತ್ರಿ ದವಡೆ ಬಿಗಿಯೋದು ಕಮ್ಮಿ ಅನ್ನೋದು ನನ್ನ ಅನುಭವ. ನೈಟ್ ಗಾರ್ಡ್ ಮಾತ್ರ ಈಗ್ಲೂ ಹಾಕ್ಕೊಂಡೇ ಮಲಗೋದು.