ಟಿಪ್ಪುವಿನ ವಿಷಯದಲ್ಲಿ ನೀವು ಯಾವ ಕಡೆ?

ಶಿವಮೊಗ್ಗದಲ್ಲಿ ನೆಲೆಸಿರುವ ಕೊಂಕಣಿ ಕ್ಯಾಥೋಲಿಕನಾದ ನನ್ನನ್ನು ಪರಿಚಿತರು ಮತ್ತೆ ಮತ್ತೆ ಕೇಳುತ್ತಾರೆ: 'ನಿಮ್ಮ ಹಿರಿಯರನ್ನು ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ, ಹೀಗಿರುವಾಗ ಟಿಪ್ಪುವನ್ನು ವಿರೋಧಿಸುವ ನಮ್ಮ ಜೊತೆ ನೀವೇಕೆ ನಿಲ್ಲುವುದಿಲ್ಲ, ನೀವು ಯಾವ ಕಡೆ?' 2022ರ ಸ್ವಾತಂತ್ರ್ಯ ದಿನದಂದು ನಮ್ಮ ಅಮೀರ್ ಅಹ್ಮದ್ ವೃತ್ತದಲ್ಲಿ ಸಾವರ್ಕರ್ ಮತ್ತು ಟಿಪ್ಪು ಫ್ಲೆಕ್ಸ್‌ಗಳ ಸಲುವಾಗಿ ಗಲಾಟೆಯಾಗಿ ನಿಷೇಧಾಜ್ಞೆ ಜಾರಿಯಾದ ಮೇಲಂತೂ ಈ ಪ್ರಶ್ನೆ ಹೆಚ್ಚಾಗಿದೆ. ನನ್ನ ಉತ್ತರ ಈಸ್ಟರ್ ಜಾಗರಣೆಯ ಒಂದು ಆಚರಣೆಯಲ್ಲಿದೆ.

ಯೇಸುವಿನ ಪುನರುತ್ಥಾನದ ಹಬ್ಬವಾದ ಈಸ್ಟರ್‌ನ ಹಿಂದಿನ ಶನಿವಾರ ರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸಿ, ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿ, ಗುರುಗಳು ದೊಡ್ಡ ಮೇಣದಬತ್ತಿಯೊಂದರ ಮೇಲೆ ಶಿಲುಬೆಯನ್ನೂ ಆ ವರ್ಷದ ನಾಲ್ಕು ಅಂಕಿಗಳನ್ನೂ ಗುರುತಿಸುತ್ತಾರೆ. ಬಳಿಕ ಕ್ರಿಸ್ತರ ಐದು ಗಾಯಗಳ ನೆನಪಿಗೆ ಧೂಪದ ಐದು ಹರಳುಗಳನ್ನು ಅದಕ್ಕೆ ಚುಚ್ಚುತ್ತಾರೆ. ಸಾವನ್ನು ಗೆದ್ದ ಹಬ್ಬದ ಬೆಳಕಿನಲ್ಲೇ ಗಾಯವೂ ಇದೆ, ನಾವು ಬದುಕುತ್ತಿರುವ ವರ್ಷವೂ ಇದೆ. ಪುನರುತ್ಥಾನರಾದ ಯೇಸು ಸಂತ ತೋಮರಿಗೆ ತಮ್ಮ ಗಾಯಗಳನ್ನು ಮರೆಮಾಚದೆ ತೋರಿಸಿದರು. ಆದರೆ ಮೊಳೆ ಹೊಡೆದವರ ಮೇಲೆ ಶಿಷ್ಯರನ್ನು ಎತ್ತಿಕಟ್ಟಲಿಲ್ಲ, ಶಾಂತಿಯನ್ನು ಹಾರೈಸಿದರು.

ಆದ್ದರಿಂದ 1784ರ ಸೆರೆಯನ್ನು ನಾನು ಸಣ್ಣದು ಮಾಡಲಾರೆ. ಕರಾವಳಿಯ ಸಾವಿರಾರು ಕ್ರೈಸ್ತರನ್ನು, ಹೆಂಗಸರು ಮಕ್ಕಳೆನ್ನದೆ, ಘಟ್ಟ ಹತ್ತಿಸಿ ಒಯ್ಯಲಾಯಿತು. ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಬದುಕುಳಿದವರಿಗೆ ಬಿಡುಗಡೆ ದೊರೆತದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಇಂಗ್ಲಿಷರಿಗೆ ನೆರವಾದರೆಂಬ ಆರೋಪವನ್ನು ಮುಂದಿಟ್ಟು ಹಸುಗೂಸುಗಳ ಮೇಲಿನ ಶಿಕ್ಷೆಯನ್ನು ಸಮರ್ಥಿಸಲು ಬಾರದು. ಅದೇ ಟಿಪ್ಪು 1791ರಲ್ಲಿ ಮರಾಠಾ ಸೇನೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ದೇವಿಯ ಪುನಃಪ್ರತಿಷ್ಠೆಗೆ ನೆರವು ಕೊಡಿಸಿದ. ಇದೂ ನಮ್ಮ ಮಲೆನಾಡಿನದೇ ಕತೆ, ಇದನ್ನು ಮುಚ್ಚಿಡುವ ಹಕ್ಕು ನನಗಿಲ್ಲ. ಹಾಗೆಂದು ಒಂದರ ಪುಣ್ಯವನ್ನು ಇನ್ನೊಂದರ ಪಾಪಕ್ಕೆ ವಜಾ ಹಾಕುವ ಲೆಕ್ಕವೂ ನನಗೆ ಒಪ್ಪಿಗೆಯಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇದಕ್ಕೂ ಹಿಂದಿನ ಕತೆ. ನಮ್ಮ ಹಿರಿಯರು ಮೂಲತಃ ಗೋವೆಯವರು. 1560ರಲ್ಲಿ ಅಲ್ಲಿ ಶುರುವಾಗಿ 1812ರಲ್ಲಿ ಕೊನೆಗೊಂಡ ಧರ್ಮವಿಚಾರಣಾ ನ್ಯಾಯಾಲಯವನ್ನು (ಇನ್‌ಕ್ವಿಸಿಷನ್) ನಡೆಸಿದ್ದು ನಮ್ಮದೇ ಧರ್ಮಸಭೆ. ಹಳೆಯ ಆಚಾರಗಳನ್ನು ಗುಟ್ಟಾಗಿ ಪಾಲಿಸಿದ ಹೊಸ ಕ್ರೈಸ್ತರನ್ನೂ ಅದು ದಂಡಿಸಿತು. ಆ ಭಯಕ್ಕೆ, ಬರಕ್ಕೆ, ಯುದ್ಧಕ್ಕೆ ಊರು ಬಿಟ್ಟ ಅನೇಕರು ನೆಲೆ ಕಂಡದ್ದು ಕೆಳದಿಯ ಅರಸರ ಸೀಮೆಯಲ್ಲಿ. ಲಿಂಗಾಯತ ದೊರೆಗಳ ಆಶ್ರಯದಲ್ಲಿ ನಮ್ಮವರು ಗದ್ದೆ ಮಾಡಿದರು, ಚರ್ಚು ಕಟ್ಟಿದರು. 2000ದ ಮಾರ್ಚ್ 12ರಂದು, ಈಸ್ಟರ್‌ಗೆ ಮುನ್ನ ಬರುವ ತಪಸ್ಸು ಕಾಲದ ಮೊದಲ ಭಾನುವಾರ, ಪೋಪ್ ಎರಡನೆಯ ಜಾನ್ ಪಾಲರು ಸತ್ಯದ ಹೆಸರಿನಲ್ಲಿ ಕ್ರೈಸ್ತರು ಎಸಗಿದ ಹಿಂಸೆಗಾಗಿ ದೇವರ ಕ್ಷಮೆ ಬೇಡಿದಾಗ, ಅದು ಗೋವೆಗೂ ಸಂದ ಪ್ರಾರ್ಥನೆಯೆಂದೇ ನಾನು ತಿಳಿದೆ.

ಗೋವೆಯ ಲೆಕ್ಕವನ್ನು ಪಕ್ಕದ ಮನೆಯವರು ನನ್ನಿಂದ ಕೇಳುವುದಿಲ್ಲವಾದರೆ, 1784ರ ಲೆಕ್ಕವನ್ನು ಗಾಂಧಿ ಬಜಾರಿನ ಮುಸ್ಲಿಂ ವ್ಯಾಪಾರಿಯಿಂದ ನಾನು ಹೇಗೆ ಕೇಳಲಿ? ಯಾವ ಕಡೆ ಎಂದು ಹೇಳಲೇಬೇಕಾದರೆ, ನಾನು ಸೆರೆಯಾದವರ ಕಡೆ. ಸೆರೆ ಯಾರದೇ ಇರಲಿ. ಈ ಬಾರಿಯ ಜಾಗರಣೆಗೆ, ಪ್ರಶ್ನೆ ಕೇಳಿದ ಗೆಳೆಯರೊಬ್ಬರನ್ನು ಕರೆದಿದ್ದೇನೆ. ಬೆಂಕಿಯ ಹತ್ತಿರವೇ ನಿಂತರೆ ಮೇಣದ ಮೇಲೆ ಆ ಅಂಕಿಗಳು ಮೂಡುವುದು ಚೆನ್ನಾಗಿ ಕಾಣುತ್ತದೆ.