ಪಾಲಾದ ತೋಟಕ್ಕೆ ದಾರಿ

ಹೊಳಲ್ಕೆರೆ ಕಡೆಯ ನಮ್ಮ ಅಡಿಕೆ ತೋಟ ಪಾಲಾದಾಗ ದಾರಿಯ ಮಾತನ್ನು ಯಾರೂ ಎತ್ತಿರಲಿಲ್ಲ. ರಸ್ತೆ ಕಡೆಯದು ದೊಡ್ಡಪ್ಪನಿಗೆ, ಹಿಂದಿನದು ನಮಗೆ. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ದಾರಿಗೆ ಮುಳ್ಳುಬೇಲಿ ಹಾಕಿಸಿದರು. ಕೊಯ್ಲಿನ ಹೊತ್ತು ಬೇರೆ. ಗೊನೆಗಳನ್ನು ತಲೆ ಮೇಲೆ ಹೊತ್ತು ತಂದೆವು.

ಸಿಟ್ಟಿನಲ್ಲೇ ಚಿತ್ರದುರ್ಗಕ್ಕೆ ಹೋಗಿ ಪರಿಚಯದ ವಕೀಲರನ್ನು ಕಂಡೆ. ದೊಡ್ಡಪ್ಪನ ಗುಣ, ಹಳೇ ಜಗಳ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಅದು ಇಲ್ಲಿ ಬೇಕಿಲ್ಲಪ್ಪ" ಅಂದು 1882ರ ಈಸ್‌ಮೆಂಟ್ ಕಾಯಿದೆ ಮುಂದಿಟ್ಟರು. ಈಸ್‌ಮೆಂಟ್ ಅಂದರೆ ಇನ್ನೊಬ್ಬರ ಜಮೀನಿನ ಮೇಲೆ ನಮಗಿರುವ ದಾರಿಯಂಥ ಹಕ್ಕು. ಕೂಡು ಆಸ್ತಿ ಪಾಲಾದಾಗ, ಒಬ್ಬರ ಪಾಲಿನ ಮೇಲೆ ಹಾಯದೆ ಇನ್ನೊಬ್ಬರ ಪಾಲನ್ನು ಅನುಭವಿಸಲು ಆಗದಿದ್ದರೆ ಆ ದಾರಿಯ ಹಕ್ಕು ಇದ್ದೇ ಇರುತ್ತದೆ. ಇದು 13ನೇ ಸೆಕ್ಷನ್. ನನಗೆ ಇನ್ನೂ ಇಷ್ಟವಾದದ್ದು 14ನೆಯದು. ದಾರಿ ಎಲ್ಲಿ ಅಂತ ಗುರುತು ಮಾಡುವವರು ದಾರಿ ಬಿಡಬೇಕಾದ ಜಮೀನಿನ ಒಡೆಯರೇ. ಆದರೆ ಅದು ಓಡಾಡುವವರಿಗೆ ಅನುಕೂಲವಾಗಿರಬೇಕು.

ಕಳ್ಳತನವಾದರೆ ಸರ್ಕಾರವೇ ಕೇಸು ನಡೆಸುತ್ತದೆ. ಸಿವಿಲ್ ಕಾನೂನಿನಲ್ಲಿ ಇರೋದು ಎದುರುಬದುರಾದ ಇಬ್ಬರು, ಒಬ್ಬರಿಗೊಬ್ಬರು ಏನು ಕೊಡಬೇಕು ಎಂಬ ಲೆಕ್ಕ. ಒಳ್ಳೆಯವನು ಕೆಟ್ಟವನಿಗೆ ಮೋಸ ಮಾಡಿದರೂ, ಕೆಟ್ಟವನು ಒಳ್ಳೆಯವನಿಗೆ ಮಾಡಿದರೂ ಕಾನೂನಿಗೆ ಒಂದೇ, ಅದು ನೋಡುವುದು ಆದ ನಷ್ಟವನ್ನು ಎಂದು ಅರಿಸ್ಟಾಟಲ್ ಹೇಳಿದ್ದ. ಓದುವಾಗ ಒಣ ಮಾತು ಅನ್ನಿಸಿತ್ತು. ಆವತ್ತು ಎದೆ ಹಗುರಾಯಿತು. ದಾರಿ ಕೇಳೋಕೆ ದೊಡ್ಡಪ್ಪನನ್ನು ಕೆಟ್ಟವರು ಅಂತ ಸಾಬೀತು ಮಾಡಬೇಕಿರಲಿಲ್ಲ. ಅವರು ನನಗೆ ದೊಡ್ಡಪ್ಪನಾಗಿಯೇ ಉಳಿಯಬಹುದಿತ್ತು.

ಸಂಜೆ ಅವರ ಮನೆಗೆ ಹೋಗಿ ಎರಡೂ ಸೆಕ್ಷನ್ ಓದಿ ಹೇಳಿದೆ.

"ಎಲ್ಲಿ ಬಿಡ್ಬೇಕು ಅನ್ನೋದು ನನ್ ಕೈಲೈತಾ?"

"ಐತೆ ದೊಡ್ಡಪ್ಪ. ಟ್ರ್ಯಾಕ್ಟರ್ ತಿರುಗಂಗಿದ್ರೆ ಸಾಕು."

ಆಗ ನಿಜವಾದ ಸಂಕಟ ಹೊರಬಿತ್ತು. ನಮ್ಮ ಟ್ರ್ಯಾಕ್ಟರ್ ಹಾದು ಅವರ ಡ್ರಿಪ್ ಪೈಪು ಒಡೆಯುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ಬಡಗಣ ಬದುವಿನ ಗುಂಟ ದಾರಿ ತೋರಿಸಿದರು. ಸ್ವಲ್ಪ ಸುತ್ತು, ಆದರೂ ಒಪ್ಪಿದೆ. ಪೈಪು ಒಡೆದರೆ ಖರ್ಚು ನಮ್ಮದು ಅಂತ ನಾನೇ ಕರಾರಿಗೆ ಸೇರಿಸಿದೆ.

ನೋಂದಣಿ ಮಾಡಿಸೋಣ ಅಂದಾಗ, "ನೀನು ತೋಟ ಮಾರಿದ್ರೆ ಕೊಂಡೋನಿಗೂ ದಾರಿ ಬಿಡ್ಬೇಕಾ?" ಅಂದರು. ಹೌದು, ಹಕ್ಕು ತೋಟದ ಜೊತೆಗೇ ಹೋಗುತ್ತೆ ಅಂದೆ.

"ಹಂಗಾದ್ರೆ ಅಗಲ ಅಳೆದೇ ಬರಿ" ಎಂದು ಅಣ್ಣನ ಕೈಲಿ ಟೇಪು ತರಿಸಿದರು.